ನಾಲ್ಕನೇ ತರಗತಿಗೆ ಒಬ್ಬಳೇ

ನಮ್ಮೂರ ಶಾಲೆ ಮುಚ್ಚಿ ಮಕ್ಕಳನ್ನೆಲ್ಲ ಹಿರೀಸಾವೆಯ ದೊಡ್ಡ ಶಾಲೆಗೆ ಸೇರಿಸುತ್ತಾರಂತೆ ಎಂದು ಕೇಳಿದ್ದೇ ತಡ, ನನಗೆ ಮೈಯೆಲ್ಲ ಉರಿದುಹೋಯಿತು. ಮುಚ್ಚೋದಕ್ಕೆ ಅದೇನು ಇವರಪ್ಪನ ಮನೆ ಆಸ್ತಿಯೇ? ಊರಲ್ಲೇ ಹುಟ್ಟಿ ಊರಲ್ಲೇ ಮದುವೆಯಾದವಳು ನಾನು, ಅಕ್ಷರ ಕಲಿತದ್ದು ಅದೇ ಶಾಲೆಯಲ್ಲಿ. ಈಗ ನನ್ನ ಮಗಳು ಅಲ್ಲೇ ನಾಲ್ಕನೇ ತರಗತಿ. ತರಗತಿಗೆ ಅವಳೊಬ್ಬಳೇ, ಹಾಗಾಗಿ ಪ್ರತಿಸಲ ಅವಳೇ ಫಸ್ಟು! ನನಗಂತೂ ಹೆಮ್ಮೆಯೋ ಹೆಮ್ಮೆ.

ಸಭೆಯ ದಿನ ಶಾಲೆಯ ಮುಂದೆ ಊರಿಗೆ ಊರೇ ನೆರೆದಿತ್ತು. ಜೀಪಿನಲ್ಲಿ ಬಂದ ಅಧಿಕಾರಿ ಮೆತ್ತಗೆ ಮಾತಾಡಿದರು.

"ಅಲ್ಲಿ ಕ್ಲಾಸಿಗೊಬ್ಬರು ಟೀಚರ್ ಇರ್ತಾರಮ್ಮ. ಆಟದ ಮೈದಾನ ಇದೆ. ಮಕ್ಕಳಿಗೇ ಒಳ್ಳೇದು."

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದೆ. "ಒಳ್ಳೇದು ಕೆಟ್ಟದ್ದು ನಮಗೂ ಗೊತ್ತಾಯ್ತದೆ ಸಾ. ಇವತ್ತು ಇಸ್ಕೂಲ್ ಮುಚ್ತೀರಿ, ನಾಳೆ ಅಂಗನವಾಡಿ ಮುಚ್ತೀರಿ. ಆಮೇಲೆ ಊರನ್ನೂ ಹಿರೀಸಾವೆಗೇ ಸೇರಿಸ್ಬುಡಿ!"

ಚಪ್ಪಾಳೆಯೋ ಚಪ್ಪಾಳೆ! "ಅಂಗೇಳು ಕಣವ್ವ!" ಎಂದು ಪಕ್ಕದ ಮನೆಯ ಅಜ್ಜಿ ಕೂಗಿದಳು. ಒಬ್ಬರ ಮೇಲೊಬ್ಬರು ಬಿದ್ದು ಎಲ್ಲರೂ ಮಾತಾಡತೊಡಗಿದರು. ನನಗೆ ಅಂಥ ಗಂಟಲಿದೆ ಅಂತ ನನಗೇ ಗೊತ್ತಿರಲಿಲ್ಲ. ಕೊನೆಗೆ ಅಧಿಕಾರಿ ಕೈ ಎತ್ತಿ, "ಆಯ್ತು, ಈ ವರ್ಷ ಮುಚ್ಚಲ್ಲ," ಎಂದರು. ಶಿಳ್ಳೆ, ಕೇಕೆ! ಯಾರೋ ಓಡಿಹೋಗಿ ಅಂಗಡಿಯಿಂದ ಬೆಲ್ಲ ತಂದು ಹಂಚಿದರು.

ಮಗಳಿಗೆ ನಾನೇ ಮೊದಲು ಹೇಳಬೇಕು ಅಂತ ಬೆಲ್ಲದಚ್ಚು ಹಿಡಿದು ಶಾಲೆಯ ಹಿಂದಕ್ಕೆ ಓಡಿದೆ. ಅವಳು ಕಲ್ಲುಗಳನ್ನು ಸಾಲಾಗಿ ಇಟ್ಟುಕೊಂಡು ಖೊಖೊ ಆಡುತ್ತಿದ್ದಳು. ಒಂದು ಕಲ್ಲಿನ ಬೆನ್ನು ತಟ್ಟಿ "ಖೋ!" ಅನ್ನುವುದು, ಆ ಕಲ್ಲಿನ ಬದಲು ತಾನೇ ಎದ್ದು ಓಡುವುದು. ಹಿಡಿಯಲು ಎದುರಿಗೆ ಯಾರೂ ಇರಲಿಲ್ಲ.

"ಗೆದ್ವಿ ಕಣೇ! ನೀನು ಎಲ್ಲೂ ಓಗಂಗಿಲ್ಲ!"

ಅವಳು ಬೆಲ್ಲ ಇಸಿದುಕೊಂಡಳು, ತಿನ್ನಲಿಲ್ಲ.

"ಅಮ್ಮ, ಅಲ್ಲಿ ನಾಕ್ನೇ ಕ್ಲಾಸಲ್ಲಿ ಎಷ್ಟ್ ಜನ ಅವ್ರೆ?"

"ಮೂವತ್ತು ಇರ್ಬೌದು. ಯಾಕೆ?"

"ಸುಮ್ಕೆ ಕೇಳ್ದೆ," ಎಂದಳು. ಕಣ್ಣು ತುಂಬಿಕೊಂಡಿತ್ತು.

ಅಯ್ಯೋ ನನ್ನ ಕಂದ! ಮುಂದುಗಡೆ ಜೀಪು ಸ್ಟಾರ್ಟ್ ಆದ ಸದ್ದು ಕೇಳಿತು. ಅವಳ ಕೈ ಹಿಡಿದು ಎಳೆದುಕೊಂಡು ಓಡಿದೆ. ಚಪ್ಪಾಳೆ ತಟ್ಟಿದ ಜನವೆಲ್ಲ ಇನ್ನೂ ಅಲ್ಲೇ ನಿಂತಿತ್ತು.

"ಸಾ, ನಿಂತ್ಕಳಿ ಸಾ!" ಅಂತ ಅವರೆಲ್ಲರ ಮುಂದೆ ಕೂಗಿದೆ. "ನನ್ ಮಗಳನ್ನ ನಿಮ್ಮ ಇಸ್ಕೂಲಿಗೆ ಸೇರಿಸ್ಕಳಿ!"