ದಾಕ್ಷಾಯಿಣಿಯ ಚೌಕಾಬಾರ ಕೊಲೆ

ದಾಕ್ಷಾಯಿಣಿ ತೀರಿಕೊಂಡಳು. 2006ರ ದಸರಾ ರಜೆಯ ಒಂದು ಮಧ್ಯಾಹ್ನ, ಕೊಪ್ಪ ಬಸ್ ಸ್ಟ್ಯಾಂಡಿನ ಎದುರಿದ್ದ ತನ್ನ ಎಸ್‌ಟಿಡಿ ಬೂತಿನ ಕುರ್ಚಿಯಲ್ಲಿ. ಹೃದಯದ ಕವಾಟ ಸರಿಯಿಲ್ಲ, ಆಪರೇಷನ್ ಆಗಬೇಕು ಎಂದು ಡಾಕ್ಟರು ಬೇಸಿಗೆಯಲ್ಲೇ ಹೇಳಿದ್ದರು. ತಾನು ಬರೆಯುತ್ತಿದ್ದ ಕಾದಂಬರಿ ಮುಗಿಯಲಿ ಎಂದು ಅವಳೇ ಮುಂದಕ್ಕೆ ಹಾಕುತ್ತಿದ್ದಳು. "ಟೇಬಲ್ ಮೇಲೇ ನಾನು ಹೋಗಿಬಿಟ್ರೆ ಕೊಲೆಗಾರ ತಪ್ಪಿಸ್ಕೊಳ್ತಾನೆ ಮಾರಾಯ್ತಿ" ಎನ್ನುತ್ತಿದ್ದಳು. ನಾನು ಬೈದರೆ ನಗುತ್ತಿದ್ದಳು.

ಅವಳ ತವರು ಬಾಳೆಹೊನ್ನೂರಿನ ಹತ್ತಿರ. ಗಂಡ ಸೋಮನಾಥ್ ಅಡಿಕೆ ಮಂಡಿಯಲ್ಲಿ ರೈಟರು. ಎಲ್ಲರ ಕೈಗೂ ಮೊಬೈಲ್ ಬಂದು ಬೂತಿಗೆ ಜನ ಕಡಿಮೆಯಾದಾಗ ಒಂದು ಜೆರಾಕ್ಸ್ ಮೆಷಿನ್ ಹಾಕಿಸಿದಳು, ಉಳಿದ ಹೊತ್ತಿನಲ್ಲಿ ಓದತೊಡಗಿದಳು. ನಾನು ಅಲ್ಲೇ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಶಾಲೆಯ ಕಪಾಟಿನಲ್ಲಿದ್ದ ಪತ್ತೇದಾರಿ ಕಾದಂಬರಿಗಳೆಲ್ಲ ನನ್ನ ಚೀಲದಲ್ಲಿ ಅವಳ ಬೂತಿಗೆ ಹೋಗಿ ಬಂದವು. ಎಲ್ಲ ಮುಗಿದ ಮೇಲೆ ಕೇಳಿದಳು: "ಕೊಲೆ ಎಲ್ಲ ಬೆಂಗಳೂರಿನ ಹೋಟೆಲಲ್ಲೇ ಆಗ್ತದಲ್ಲ. ನಮ್ಮ ಕಡೆಯವರು ಕೊಲೆಯಾಗೋಕೂ ಲಾಯಕ್ಕಿಲ್ವಾ?"

ಹಾಗೆ ಶುರುವಾದದ್ದು 'ಒಳಸುತ್ತು'. ಜೆರಾಕ್ಸಿಗೆಂದು ಬರುವ ಹೈಸ್ಕೂಲು, ಕಾಲೇಜು ಮಕ್ಕಳಿಗಾಗಿ ಬರೆದ ಕೊಲೆ ಕಥೆ. ಒಂದೊಂದು ಅಧ್ಯಾಯ ಮುಗಿದಾಗಲೂ ಪ್ರತಿ ತೆಗೆದು, ಪಿನ್ ಹೊಡೆದು, ಕೇಳಿದವರಿಗೆಲ್ಲ ಕೊಡುತ್ತಿದ್ದಳು. ಶೃಂಗೇರಿ, ಎನ್.ಆರ್. ಪುರದವರೆಗೂ ಅವು ಕೈಯಿಂದ ಕೈಗೆ ಹೋದವು.

ಒಂದು ದೊಡ್ಡ ಮನೆಯ ಯಜಮಾನರ ಕೊಲೆಯಾಗಿದೆ. ಜಗಲಿಯಲ್ಲಿ ಚೌಕಾಬಾರದ ಆಟ ಅರ್ಧಕ್ಕೇ ನಿಂತಿದೆ. "ಯಾರೂ ಯಾರ ಕಾಯಿಯನ್ನೂ ಕಡಿಯುವ ಮೊದಲೇ ನಾನು ಎದ್ದುಹೋದೆ" ಎನ್ನುತ್ತಾನೆ ಮನೆಯ ಅಳಿಯ. ಆದರೆ ಅವನ ಕಾಯಿಯಾದ ಕೆಂಪು ಬಳೆಚೂರು ಚೌಕದ ಒಳಸುತ್ತಿನಲ್ಲಿ ಕೂತಿತ್ತು. ಎದುರಿನವರ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ಅಂದಮೇಲೆ ಅಳಿಯ ಸುಳ್ಳುಗಾರ, ಅವನೇ ಕೊಲೆಗಾರ. ಹೀಗೆಂದು ಅವನ ಮೇಲೆ ಬೆರಳು ತೋರಿಸುವವನು ಮನೆಯ ಗುಮಾಸ್ತ. ಆ ದಿನ ಅವನು ಊರಲ್ಲಿರಲಿಲ್ಲವಂತೆ. ಅವನು ಬರುವಷ್ಟರಲ್ಲಿ ಜಗಲಿ ತೊಳೆದಾಗಿತ್ತು.

ಕೊನೆಯ ಅಧ್ಯಾಯವೊಂದೇ ಬಾಕಿ. ಅದರಲ್ಲಿ ಅಳಿಯ ಸಿಕ್ಕಿಬೀಳಬೇಕು. ಆಗ ನಿಶ್ಚಿತಾ ಬಂದಳು. ಕಿಗ್ಗದವಳು, ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಕೊಪ್ಪದಲ್ಲಿ ಪಿಯುಸಿ ಓದುತ್ತಿದ್ದಳು.

"ಆಂಟಿ, ಅಳಿಯ ಸುಳ್ಳು ಹೇಳಿಲ್ಲ."

"ಹೇಳಿದಾನೆ ಕಣೇ. ಕಡೀದೆ ಒಳಗೆ ಹೋಗಕ್ಕಾಗ್ತದಾ?"

"ನಮ್ಮನೇಲಿ ಹೋಗ್ತೀವಲ್ಲ."

"ಅದೆಂತ ಆಟ ನಿಮ್ಮದು? ಯಾರನ್ನೂ ಕಡೀದೆ ಕಾಯಿ ಹಣ್ಣಾಗೋದು!"

"ನಿಮ್ಮದೆಂತ ಆಟ ಆಂಟಿ? ಕೊಲೆ ಮಾಡ್ದೆ ಇದ್ರೆ ಒಳಗೇ ಬಿಡಲ್ಲ ಅಂದ್ರೆ!"

ನನಗೆ ನಗು ತಡೆಯಲಾಗಲಿಲ್ಲ. ದಾಕ್ಷಾಯಿಣಿ ನಗಲಿಲ್ಲ. ಒಂದನೇ ಅಧ್ಯಾಯದಲ್ಲಿ ನಿಯಮ ಸೇರಿಸಿಬಿಡು ಎಂದೆ. "ಹೋದ ಜೆರಾಕ್ಸು ವಾಪಸ್ ಬರ್ತದಾ? ಕೊನೇಲಿ ನಿಯಮ ಹೇಳಿದ್ರೆ ಅದು ಕಳ್ಳಾಟ. ಮಕ್ಕಳು ನನ್ನ ಮುಖ ನೋಡಲ್ಲ" ಎಂದಳು. ಕಾಯಿಲೆಯ ಬಗ್ಗೆ ಅವಳು ಅಷ್ಟು ಚಿಂತೆ ಮಾಡಿದ್ದನ್ನು ನಾನು ನೋಡಿಲ್ಲ.

ಮರುದಿನದಿಂದ ಬೂತಿಗೆ ಬಂದವರಿಗೆಲ್ಲ ಅದೇ ಪ್ರಶ್ನೆ. ಎನ್.ಆರ್. ಪುರದ ಮರುಳಸಿದ್ದಪ್ಪನವರು ಮೊಬೈಲನ್ನು ನಂಬದವರು, ಫೋನ್ ಮಾಡಲು ಬಂದಿದ್ದರು. "ಎಂತದು ಮಾರಾಯ್ತಿ, ಪೊಲೀಸರ ಹಾಗೆ ಕೇಳ್ತೀಯ? ಕಡೀಲೇಬೇಕು. ನಮ್ಮವ್ವ ಕಲ್ಸಿದ್ದು ಹಾಗೇ" ಎಂದರು. ಬೇಗಾರಿನ ಹೊನ್ನಕ್ಕ, "ಬೇಡ ಬೇಡ. ನಮ್ಮತ್ತೆ ಬೇಕು ಅಂತಿದ್ರು. ನಾನು ಮಕ್ಕಳಿಗೆ ನಮ್ಮಮ್ಮನ ಆಟನೇ ಕಲ್ಸಿದೀನಿ" ಎಂದಳು.

ವಾರ ಕಳೆಯುವಷ್ಟರಲ್ಲಿ ದಾಕ್ಷಾಯಿಣಿಗೆ ಗೊತ್ತಾಯಿತು: ಆಟದ ನಿಯಮ ಊರಿನದಲ್ಲ. ಅದು ಹೆಂಗಸರ ಜೊತೆ ತವರಿನಿಂದ ಬರುತ್ತದೆ. ಒಂದೇ ಬೀದಿಯ ಎರಡು ಮನೆಯಲ್ಲಿ ಎರಡು ಆಟ.

ಸಂಜೆ ನಾನು ಹೋದಾಗ ಅವಳ ಮುಖ ಅರಳಿತ್ತು. "ಜಗಲಿ ಮೇಲೆ ಚೌಕ ಬರೆದವಳು ಯಜಮಾನರ ಹೆಂಡತಿ, ಅಜ್ಜಿ. ಅವಳ ತವರು ಯಾವುದು ಹೇಳು ನೋಡುವ?"

"ನೀನು ಬರೆದೇ ಇಲ್ಲ."

"ಅದೇ ಮತ್ತೆ! ಎಲ್ಲೂ ಬರ್ದಿಲ್ಲ!"

ರಜೆ ಶುರುವಾದ ಮೇಲೆ ಕೊನೆಯ ಅಧ್ಯಾಯ ಬರೆದಳು. ಕಥೆಯಲ್ಲಿ ಪತ್ತೇದಾರಿಗೆ ಇಳಿದ ಮಕ್ಕಳು ಯಾರನ್ನೂ 'ಆಗ ಎಲ್ಲಿದ್ದೆ' ಎಂದು ಕೇಳುವುದಿಲ್ಲ. ಅಜ್ಜಿಯ ತವರು ಕೇಳುತ್ತಾರೆ. ಕಿಗ್ಗ, ಎನ್ನುತ್ತಾಳೆ ಅಜ್ಜಿ. ಅಲ್ಲಿಯ ಆಟದಲ್ಲಿ ಕಡಿಯದೆಯೂ ಒಳಗೆ ಹೋಗಬಹುದು; ಅಳಿಯ ನಿಜವನ್ನೇ ಹೇಳಿದ್ದ. ಹಾಗಾದರೆ ಊರಲ್ಲೇ ಇಲ್ಲದ ಗುಮಾಸ್ತನಿಗೆ, ತೊಳೆದುಹೋದ ಚೌಕದಲ್ಲಿ ಕೆಂಪು ಕಾಯಿ ಎಲ್ಲಿತ್ತೆಂದು ಯಾರೂ ಹೇಳದೆ ತಿಳಿದದ್ದು ಹೇಗೆ? ತನ್ನ ಮನೆಯ ನಿಯಮವನ್ನು ಇನ್ನೊಬ್ಬರ ಆಟಕ್ಕೆ ಹಾಕಲು ಹೋಗಿ ಅವನೇ ಸಿಕ್ಕಿಬಿದ್ದ.

"ಆ ತಪ್ಪು ಮಾಡಿದ್ದು ನಾನು. ಗುಮಾಸ್ತನ ತಲೆಗೆ ಕಟ್ಟಿದೆ" ಎಂದಳು. ಅವಳು ತೀರಿಕೊಂಡ ದಿನ ಬೆಳಿಗ್ಗೆ ಬೂತಿನಲ್ಲೇ ಕೂತು ನಾನು ಅದನ್ನು ಓದಿ ಮುಗಿಸಿದ್ದೆ. ದೀಪಾವಳಿ ಕಳೆದ ಮೇಲೆ ಆಪರೇಷನ್‌ಗೆ ದಿನ ಗೊತ್ತುಮಾಡಲು ಸೋಮನಾಥ್‌ಗೆ ಹೇಳಿಯೂ ಆಗಿತ್ತು.

ನಿಶ್ಚಿತಾ ರಜೆಗೆ ಊರಿಗೆ ಹೋಗಿದ್ದಳು. ಮಧ್ಯಾಹ್ನದ ಕಿಗ್ಗ ಬಸ್ಸು ಬಂದಾಗ ದಾಕ್ಷಾಯಿಣಿ ಪ್ರತಿ ಹಿಡಿದುಕೊಂಡು ರಸ್ತೆ ದಾಟಿದಳು. ಜೊತೆಗೆ ನಾನೂ ಇದ್ದೆ.

"ಗಣಪತಿ, ಇದನ್ನ ಕಿಗ್ಗದಲ್ಲಿ ನಿಶ್ಚಿತಾಗೆ ಕೊಡು ಮಾರಾಯ."

ಕಂಡಕ್ಟರ್ ಗಣಪತಿ ಕಿಟಕಿಯಿಂದ ಕೈಚಾಚಿ ತೆಗೆದುಕೊಂಡವನೇ ಕೊನೆಯ ಪುಟಕ್ಕೆ ಬೆರಳು ಹಾಕಿದ. "ಅಳಿಯನೇ ಅಲ್ವಾ ದಾಕ್ಷಾಯಿಣಕ್ಕ?"

"ಕೊಡಿಲ್ಲಿ! ಅವಳಿಗಿಂತ ಮೊದ್ಲು ನೀನು ಓದೋ ಹಾಗಿಲ್ಲ."

ಪ್ರತಿ ಕಸಿದುಕೊಂಡು ಬೂತಿಗೆ ವಾಪಸ್ ಬಂದಳು. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಕೊನೆಯ ಹಾಳೆಯನ್ನು ಅದರ ಹಿಂದಿನ ಹಾಳೆಗೆ ಸೇರಿಸಿ, ನಾಲ್ಕು ಅಂಚಿಗೂ ಪಿನ್ ಹೊಡೆದಳು. ನಾನು ಕೊಟ್ಟು ಬರುತ್ತೇನೆಂದರೂ ಕೇಳದೆ ಮತ್ತೆ ತಾನೇ ರಸ್ತೆ ದಾಟಿದಳು. ಹೊರಟಿದ್ದ ಬಸ್ಸಿನ ಮೈಯನ್ನು ಅಂಗೈಯಿಂದ ತಟ್ಟಿ ನಿಲ್ಲಿಸಿ, ಅದನ್ನು ಕಿಟಕಿಯೊಳಗೆ ಕೊಟ್ಟಳು.