ಏಕನಾಥಮ್ಮನ ಮೋಟು ರಾಟೆ

“ನಂಗೆ ಸುಮ್ನೆ ಕುಂತ್ಕಳಾಕೆ ಬರಲ್ಲ ಕಣಮ್ಮ. ನಮ್ಮವ್ವ ಹೇಳೋಳು, ತೊಟ್ಲಾಗೂ ಕಾಲು ಒದೀತಾನೇ ಇದ್ದೆ ಅಂತ. ಒಲೆ ಮುಂದೆ ಕುಂತ್ರೆ, ಈ ಒಲೆ ಬಾಯಿ ಇತ್ತಾಗೆ ತಿರುಗಿದ್ರೆ ಹೊಗೆ ಕಣ್ಣಿಗೆ ಬರಲ್ವಲ್ಲ ಅನ್ನಿಸ್ತೈತೆ. ಅನ್ನಿಸಿದ ಮ್ಯಾಲೆ ಕೆಡವಿ ಕಟ್ಟೋವರ್ಗೂ ಮುದ್ದೆ ಗಂಟಲಾಗೆ ಇಳಿಯಲ್ಲ. ಕೆಲವು ಸಾರಿ ಚಲೋ ಆಗೈತೆ. ಕೆಲವು ಸಾರಿ ಮನೆ ತುಂಬಾ ಹೊಗೆ ಆಗಿ ನಮ್ಮತ್ತೆ ಬೀದಿಗೆ ಓಡ್ಯಾಳೆ. ಅಂಗಂತ ಬಿಟ್ಟೆನಾ? ಬಿಡ್ಲಿಲ್ಲ. ಕೈಯಾಗೆ ಇರುವೆ ಹರಿದಾಡ್ದಂಗೆ ಆಗ್ತೈತಮ್ಮ, ಏನ್ಮಾಡ್ಲಿ? ಆ ರಾಟೆ ಕಾಲು ಕುಯ್ಸಿದ್ದೂ ಅದ್ಕೇನೇ. ಯಾರಿಗೂ ಕೇಡು ಮಾಡ್ಬೇಕು ಅಂತಲ್ಲ.”

ಏಕನಾಥಮ್ಮ ಇದನ್ನು ಯಾರಿಗೆ ಹೇಳಿದರೂ ಹೀಗೇ ಹೇಳುತ್ತಿದ್ದಳು, ಹೇಳುವಾಗಲೂ ಕೈಯಲ್ಲಿ ಏನಾದರೊಂದನ್ನು ತಿರುವುತ್ತಿದ್ದಳು. ಅವಳ ತವರು ಹಿರಿಯೂರು ಸೀಮೆ, ಮಾರಿಕಣಿವೆ ನೀರಿನ ಹತ್ತಿರದ ಕುರಿಹಟ್ಟಿ. ಕೊಟ್ಟದ್ದು ಹೊಸದುರ್ಗಕ್ಕೆ, ಕಂಬಳಿ ನೇಯುವ ಈರಬಸಪ್ಪನಿಗೆ. ಮನೆ ಅಂದರೆ ಒಂದು ಅಂಕಣ. ಅದರ ಅರ್ಧವನ್ನು ಮಗ್ಗ ನುಂಗಿತ್ತು. ಉಳಿದರ್ಧದಲ್ಲಿ ಅತ್ತೆ, ಕೋಳಿ, ಉಣ್ಣೆ ಮೂಟೆ. ಏಕನಾಥಮ್ಮ ನೂಲಲು ಕೂತರೆ ಯಾರಾದರೊಬ್ಬರು ಕರೆದೇ ಕರೆಯುವರು. ನೂಲಲು ಸುತ್ತಿಟ್ಟ ಉಣ್ಣೆಯ ಸುರುಳಿಯನ್ನು, ಹಂಜಿಯನ್ನು, ಕೈಯಲ್ಲೇ ಹಿಡಿದು ಎದ್ದು ಹೋಗುವಳು, ಬಂದಾಗ ಕೋಳಿ ಎಳೆಯನ್ನು ಕೆದರಿರುವುದು.

ಎಪ್ಪತ್ತರ ದಶಕದ ನಡುವೆ ಊರ ಹೊರಗೆ ಉಣ್ಣೆ ಸೊಸೈಟಿಯ ಶೆಡ್ಡು ಎದ್ದಿತು. ತಗಡಿನ ಮಾಡು, ಮಣ್ಣಿನ ನೆಲ, ಸುತ್ತ ತೆಂಗಿನ ತೋಟ. ಹೆಂಗಸರು ಬೆಳಗ್ಗೆ ಬಂದು ನೂಲಿ ಸಂಜೆ ಹೋಗಬೇಕು. ಅಲ್ಲಿ ಕಾಲಿಟ್ಟ ದಿನ ಏಕನಾಥಮ್ಮನಿಗೆ ತಿಳಿದದ್ದು ಒಂದೇ: ಇಲ್ಲಿ ನನ್ನನ್ನು ಯಾರೂ ಕರೆಯುವುದಿಲ್ಲ. ಈ ಜಾಗ ಕೈಬಿಟ್ಟು ಹೋದರೆ ಮತ್ತೆ ಕೋಳಿ, ಅತ್ತೆ, ಮಗ್ಗದ ಸಂದಿ.

ಶೆಡ್ಡಿನ ಮೇಸ್ತ್ರಿ ಮೂಡಲಗಿರಿಯಪ್ಪ. ಒಳ್ಳೆಯವನು, ಬೇಗ ಹೆದರುವವನು. ಚಿತ್ರದುರ್ಗದ ಆಫೀಸಿಗೆ ಬಸ್ಸು ಹತ್ತಿ ಹತ್ತಿ, ಕಾಲಲ್ಲಿ ತುಳಿದು ತಿರುಗಿಸುವ ಹೊಸ ರಾಟೆಗಳನ್ನು ತರಿಸಿದ್ದ. ಕೈರಾಟೆಯಲ್ಲಿ ಒಂದು ಕೈ ತಿರುಗಿಸಲಿಕ್ಕೇ ಹೋಗುತ್ತದೆ. ತುಳಿಯುವ ರಾಟೆಯಾದರೆ ಎರಡೂ ಕೈ ನೂಲಿಗೇ. ಲಾರಿ ಬಂದ ದಿನ ಅವನು ಪ್ರತಿ ರಾಟೆಗೂ ಅರಿಶಿನ ಕುಂಕುಮ ಇಟ್ಟ. ತನ್ನ ಮೇಜಿನ ಎದುರಿಗೆ ಸಾಲಾಗಿ ನಿಲ್ಲಿಸಿ, ಪ್ರತಿಯೊಂದರ ಹಿಂದೆ ಒಂದು ಸ್ಟೂಲು ಹಾಕಿಸಿದ.

ಸ್ಟೂಲಿನ ಮೇಲೆ ಕೂತು ನೂತ ಅಭ್ಯಾಸ ಆ ಹೆಂಗಸರಲ್ಲಿ ಯಾರಿಗೂ ಇರಲಿಲ್ಲ. ನೆಲದಲ್ಲಿ ಕಾಲು ಚಾಚಿ ಬೆಳೆದವರು. ಏಕನಾಥಮ್ಮ ಗಿಡ್ಡ. ತುಳಿಯುವ ಮಣೆಗೆ ಅವಳ ಹೆಬ್ಬೆರಳು ಮಾತ್ರ ತಾಕುತ್ತಿತ್ತು. ತುಳಿಯಲು ಮುಂದೆ ಜಾರಿದರೆ ಕೈ ಹಿಡಿತ ತಪ್ಪುವುದು, ಕೈ ಹಿಡಿದರೆ ಕಾಲು ತಪ್ಪುವುದು, ಎಳೆ ಪಟ್ಟನೆ ಹರಿಯುವುದು. ಮೂಡಲಗಿರಿಯಪ್ಪ ಚಾ ಕುಡಿಯಲು ಹೊರಟರೆ ಸಾಕು, ಎಲ್ಲರೂ ಸರಸರ ನೆಲಕ್ಕಿಳಿದು ಸೆರಗಿನೊಳಗಿಂದ ಕೈಯಲ್ಲೇ ತಿರುಗಿಸಿ ನೂಲುವ ತಕಲಿ ತೆಗೆಯುವರು. ಅವನು ಬರುವ ಚಪ್ಪಲಿ ಸದ್ದಾದರೆ ಮತ್ತೆ ಸ್ಟೂಲು.

“ಇದೇನು ನೂಲಾಕೆ ಬಂದೇವೋ ಬೇಲಿ ಹತ್ತಾಕೆ ಬಂದೇವೋ?” ಅನ್ನುವಳು ಕಾಳಕ್ಕ. ಅವಳು ಎಲ್ಲರಿಗಿಂತ ಹಿರಿಯಳು. ಶೆಡ್ಡು ಗುಡಿಸುವ ಕೆಲಸವೂ ಬೀಗದ ಕೈಯೂ ಅವಳದೇ.

ಬೇರೆಯವರು ನಕ್ಕು ಸುಮ್ಮನಾದರು. ಏಕನಾಥಮ್ಮನಿಗೆ ಮಾತ್ರ ಇರುವೆ ಹರಿದಾಡಲು ಶುರುವಾಯಿತು. ಊಟಕ್ಕೆ ಕೂತರೂ ರಾಟೆ, ನೀರು ಸೇದುವಾಗಲೂ ರಾಟೆ. ರಾಟೆಯ ಕಾಲು ಮೋಟು ಮಾಡಿದರೆ ನೆಲದಲ್ಲೇ ಮಣೆ ಹಾಕಿಕೊಂಡು ಕೂರಬಹುದಲ್ಲ? ಗೇಣು ಹಾಕಿ ಅಳೆದಳು. ಒಂದು ಗೇಣು ತೆಗೆದರೂ ತುಳಿಮಣೆ ನೆಲ ಮುಟ್ಟುವುದಿಲ್ಲ, ಇನ್ನೂ ಆಡಲು ಎಡೆ ಇರುತ್ತದೆ. ತಡೆಯಲಾಗಲಿಲ್ಲ. ಮೂಡಲಗಿರಿಯಪ್ಪ ಚಿತ್ರದುರ್ಗಕ್ಕೆ ಹೋದ ದಿನ ಬಡಗಿ ಪಾಲಣ್ಣನನ್ನು ಕರೆಸಿದಳು.

“ಎಷ್ಟು ಕುಯ್ಲವ್ವ?”

“ಒಂದು ಗೇಣು ಕುಯ್ಯಣ್ಣ.”

ಇಷ್ಟು ಹೇಳಿ ಅವಳು ಹಂಜಿ ತರಲು ಒಳಗೆ ಹೋದಳು. ಕಂಬಳಿಯವರಲ್ಲಿ ಎಲ್ಲ ಅಳತೆಯೂ ಮೈಯಿಂದಲೇ. ಗೇಣು, ಮೊಳ, ಮಾರು. ಕೊಳ್ಳಲು ಬಂದವರು ಉದ್ದ ಕೈಯವನನ್ನೇ ಕರೆತಂದು ಮೊಳ ಹಾಕಿಸುತ್ತಾರೆಂಬುದು ಏಕನಾಥಮ್ಮನಿಗೂ ಗೊತ್ತಿತ್ತು, ಅದಕ್ಕೆ ಸಂತೆಯಲ್ಲಿ ಜಗಳವೂ ಆಡಿದ್ದಳು. ಆದರೂ ಆ ಹೊತ್ತು ಹೊಳೆಯಲಿಲ್ಲ. ಪಾಲಣ್ಣ ಆರಡಿ ಆಳು, ಅವನ ಅಂಗೈ ಮೊರದಂತಿತ್ತು. ಅವನು ತನ್ನ ಗೇಣು ಹಾಕಿ ನಾಲ್ಕೂ ಕಾಲನ್ನು ಕುಯ್ದಿಟ್ಟ.

ರಾಟೆ ನಿಲ್ಲಿಸಿದರೆ ತುಳಿಮಣೆ ಹೋಗಿ ನೆಲಕ್ಕೆ ಕೂತಿತು. ತುಳಿಯಲು ಎಡೆಯೇ ಇಲ್ಲ.

ಪಾಲಣ್ಣ ಗರಗಸವನ್ನು ಒರೆಸಿದ. “ಕುಯ್ಯಿ ಅಂದೆ, ಕುಯ್ದೆ. ಯಾರ ಗೇಣು ಅಂತ ಹೇಳ್ಲಿಲ್ವಲ್ಲ ತಾಯಿ.”

“ಕೂಸು ಹುಟ್ತು, ಕಾಲೇ ಇಲ್ಲ,” ಅಂದಳು ಕಾಳಕ್ಕ.

ಮೂಡಲಗಿರಿಯಪ್ಪ ಸಂಜೆ ಬಸ್ಸಿಳಿದು ಬಂದವನು ಮೋಟು ರಾಟೆಯನ್ನು ನೋಡಿ ಅದರ ಪಕ್ಕದಲ್ಲೇ ಕುಕ್ಕರಿಸಿದ. ಬೈಯಲಿಲ್ಲ. ಅದರಿಂದಲೇ ಏಕನಾಥಮ್ಮನಿಗೆ ಹೆಚ್ಚು ಭಯವಾಯಿತು.

“ಇದು ನಂದೂ ಅಲ್ಲ, ನಿಂದೂ ಅಲ್ಲಮ್ಮ. ರುಜು ಹಾಕಿ ತಂದೀನಿ. ಸಾಮಾನು ಕೆಡಿಸ್ದೋರು ಶೆಡ್ಡಿನಾಗೆ ಇರಂಗಿಲ್ಲ ಅಂತ ನಾನೇ ಎಲ್ರಿಗೂ ಓದಿ ಹೇಳೀನಿ. ಸಂತೆ ಕಳೆದು ಬಾಗ್ಲು ತೆಗೆಯೋ ಹೊತ್ಗೆ ಇದು ತಿರುಗಬೇಕು. ತಿರುಗ್ಲಿಲ್ಲ ಅಂದ್ರೆ ನೀನು ಬರಬೇಡ.”

“ಹಳೇ ತರಾನೇ ಆಗ್ಬೇಕಾ?”

“ತಿರುಗಬೇಕು,” ಅಂದ ಅವನು. “ನನ್ನ ಹೊಟ್ಟೆ ಉರಿಸ್ಬೇಡ, ಹೋಗು.”

ಕುಯ್ದ ತುಂಡುಗಳನ್ನೇ ಮೊಳೆ ಹೊಡೆದು ಕೂಡಿಸಿ ನೋಡಿದರು. ರಾಟೆ ಕುಡಿದವನ ಹಾಗೆ ತೂರಾಡಿತು. ಕಾಲಿನ ಕೆಳಗೆ ಕಲ್ಲಿಟ್ಟರು. ನಾಲ್ಕು ತುಳಿತಕ್ಕೆ ಕಲ್ಲಿನಿಂದ ಜಾರಿ ಬಿತ್ತು. ಏಕನಾಥಮ್ಮ ಮನೆಗೆ ಹೋದರೂ ಕೂರಲಾರಳು, ನಿಲ್ಲಲಾರಳು. ಮುದ್ದೆ ತಿರುವುತ್ತಾ ಕೋಲು ನಿಲ್ಲಿಸಿಬಿಡುವಳು. “ಗಂಟಾಗ್ತೈತೆ, ತಿರುವೇ,” ಅಂತ ಅತ್ತೆ ಕೂಗುವಳು.

ಈರಬಸಪ್ಪ ಮಗ್ಗದಲ್ಲಿ ಕೂತಿದ್ದ. ಕೂತದ್ದು ನೆಲದ ಅಂಚಿನಲ್ಲಿ, ಕಾಲು ಕೆಳಗೆ ಗುಂಡಿಯೊಳಗೆ. ಹಗ್ಗದಲ್ಲಿ ಇಳಿಬಿಟ್ಟ ತುಳಿಮಣೆ ಅವನ ಪಾದದಡಿ ಮೇಲೆ ಕೆಳಗೆ ಆಡುತ್ತಿತ್ತು. ಮದುವೆಯಾದಾಗಿನಿಂದ ಅವಳು ಅದನ್ನು ನೋಡುತ್ತಲೇ ಇದ್ದಳು. ಆ ಸಂಜೆ ಮುದ್ದೆ ಕೋಲು ಹಿಡಿದು ನೋಡಿದಾಗ ಕಂಡದ್ದು ಬೇರೆ. ರಾಟೆಯನ್ನು ಎತ್ತುವುದು ಬೇಡ. ನೆಲವನ್ನೇ ಇಳಿಸಿದರಾಯಿತು.

“ಏನಂದ್ರಿ, ರಾಟೆ ಕೆಳಗೆ ಗುಂಡಿ ತೋಡಿದ್ರೆ?”

ಈರಬಸಪ್ಪನ ಕೈ ನಿಂತಿತು. ಅವರ ಬೀದಿಯಲ್ಲಿ ಮಗ್ಗದ ಗುಂಡಿ ಗಂಡಸರದು. ಹಬ್ಬದಲ್ಲಿ ಅದಕ್ಕೆ ಕಾಯಿ ಒಡೆಯುತ್ತಾರೆ. ಹೆಂಗಸರು ಉಣ್ಣೆ ಬಿಡಿಸುತ್ತಾರೆ, ನೂಲುತ್ತಾರೆ, ಮಗ್ಗಕ್ಕೆ ಉದ್ದೆಳೆಯ ಹಾಸು ಹಾಕುತ್ತಾರೆ. ಗುಂಡಿಗೆ ಕಾಲು ಇಳಿಬಿಡುವುದಿಲ್ಲ.

“ಹೆಂಗಸ್ರು ಗುಂಡಿಗೆ ಕಾಲು ಬಿಡ್ತಾರೇನೆ?” ಅಂದ.

“ಅದು ಮಗ್ಗದ್ದು. ಇದು ರಾಟೇದು.”

ಅವನು ಮತ್ತೆ ಲಾಳಿ ಓಡಿಸಿದ. ಅವಳೂ ಮುಂದೆ ಕೇಳಲಿಲ್ಲ. ಸಂತೆ ದಿನ ಊರೆಲ್ಲ ಸಂತೆಗೆ ಹೋದಾಗ ಕಾಳಕ್ಕನ ಬೀಗದ ಕೈ ಇಸಿದುಕೊಂಡು ಹಾರೆ ಹಿಡಿದು ಶೆಡ್ಡಿಗೆ ನಡೆದಳು.

“ಗುಂಡಿಯಾಗೆ ಕುಂತ್ರೆ ಮೀಸೆ ಬರ್ತೈತೆ, ನೋಡ್ಕ,” ಅಂತ ಕಾಳಕ್ಕ ಹಿಂದೆಯೇ ಬಂದಳು. ಬಂದು ಬಾಗಿಲಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡಳು.

ತೋಡಿದಳು. ಮರಳು ಮಣ್ಣು. ಎಷ್ಟು ತೆಗೆದರೆ ಅಷ್ಟು ಅಂಚು ಕುಸಿಯಿತು. ಕೂತು ನೋಡಿದರೆ ಕೂತ ಕಡೆಯೇ ಜರಿದು ಅವಳು ಸೊಂಟದವರೆಗೆ ಗುಂಡಿಯೊಳಗಿದ್ದಳು. ಕಾಳಕ್ಕ ನಗಲು ಹೋಗಿ ಎಲೆ ಅಡಿಕೆ ನೆತ್ತಿಗೇರಿ ಕೆಮ್ಮಿದಳು. ಏಕನಾಥಮ್ಮನಿಗೆ ಅಳು ಬಂತು. ಮೊದಲು ರಾಟೆ ಹೋಯಿತು, ಈಗ ನೆಲವೂ ಹೋಯಿತು. ನಾಳೆ ಬಾಗಿಲು ತೆಗೆದರೆ ಮೂಡಲಗಿರಿಯಪ್ಪ ಈ ಹಳ್ಳವನ್ನು ನೋಡುತ್ತಾನೆ.

ಆಗ ತೋಟದ ಕಡೆಯಿಂದ ಈರಬಸಪ್ಪ ಬಂದ. ಹೆಗಲ ಮೇಲೆ ಕಂಬಳಿ, ಮಾರಲು ಸಂತೆಗೆ ಒಯ್ದದ್ದು ಇನ್ನೂ ಅಲ್ಲೇ ಇತ್ತು. ಒಳಗೆ ಬರಲಿಲ್ಲ. ಬಾಗಿಲ ಆಚೆ ನಿಂತೇ ಇಣುಕಿದ.

“ಯಾರನ್ನ ಹೂಣಾಕೆ ತೋಡ್ದೆ?”

ಅವಳು ಸೆರಗಿನಿಂದ ಮುಖದ ಮಣ್ಣು ಒರೆಸಿಕೊಂಡಳು.

“ಗುಂಡಿ ಗೋಡೆಗೆ ಕೆಂಪು ಮಣ್ಣು, ಸಗಣಿ, ಹೊಟ್ಟು ಕಲಸಿ ಮೆತ್ತಬೇಕು. ಕೂರೋ ಅಂಚಿಗೆ ಹಲಗೆ ಹಾಕ್ಬೇಕು. ಎಷ್ಟು ಆಳ ತೋಡ್ದೆ?”

“ಒಂದು ಮೊಳ ಇರ್ಬೋದು.”

“ಮೊಳ ಗೇಣು ಎಲ್ಲ ಕಂಬಳಿಗೆ. ನಮ್ಮಪ್ಪ ನಂಗೆ ಗುಂಡಿ ತೋಡ್ದಾಗ ಅಳತೆ ಹಾಕ್ಲಿಲ್ಲ. ಅಂಚಿಗೆ ಕೂರಿಸಿ ಕಾಲು ಇಳಿಬಿಡು ಅಂದ. ಮಂಡಿ ಮಡಿಚಿ ಪಾದ ಎಲ್ಲಿ ಕುಂತಿತೋ ಅಲ್ಲಿ ಗೀಟು ಹಾಕ್ದ. ಕುಂತ್ಕ. ಕಾಲು ಬಿಡು.”

ಅವಳು ಕೂತು ಕಾಲು ಬಿಟ್ಟಳು. ಅವನು ಹೊರಗಿನಿಂದಲೇ, “ಇನ್ನೊಂದೀಟು ಮಣ್ಣು ತುಂಬು, ಆಳ ಜಾಸ್ತಿ ಆತು, ಆಂ, ಸಾಕು,” ಅನ್ನುತ್ತಾ ಹೋದ. ರಾಟೆಯಿಂದ ತುಳಿಮಣೆಗೆ ಹಗ್ಗ ಎಲ್ಲಿ ಕಟ್ಟಬೇಕು, ಮಣೆಯನ್ನು ಗುಂಡಿಯೊಳಗೆ ಎಲ್ಲಿಗೆ ಇಳಿಬಿಡಬೇಕು ಅಂತಲೂ ಹೇಳಿದ. ಹೇಳಿ ಮುಗಿಸಿ ಕಂಬಳಿ ಹೆಗಲು ಬದಲಿಸಿಕೊಂಡು ಹೋದ. ಮನೆಯಲ್ಲಿ ಆ ಮಾತು ಮತ್ತೆ ಎತ್ತಲಿಲ್ಲ.

ಮರುದಿನ ಬಾಗಿಲು ತೆರೆದಾಗ ಅವಳು ಮೆತ್ತಿದ ಗುಂಡಿಯ ಗೋಡೆ ಇನ್ನೂ ಹಸಿ. ಮೂಡಲಗಿರಿಯಪ್ಪ ಮೊದಲು ನೆಲ ನೋಡಿದ, ಆಮೇಲೆ ಅವಳ ಮುಖ ನೋಡಿದ. ಏಕನಾಥಮ್ಮ ಅಂಚಿನ ಹಲಗೆಯ ಮೇಲೆ ಕೂತು ಕಾಲು ಇಳಿಬಿಟ್ಟು ತುಳಿದಳು. ಹಗ್ಗ ಬಿಗಿಯಿತು, ಚಕ್ರ ತಿರುಗಿತು, ತಿರುಗಿದ ಬಿರುಸಿಗೆ ಮಣೆ ತಾನೇ ಮೇಲೆ ಬಂತು. ಎಳೆ ಹರಿಯಲಿಲ್ಲ. ಹಂಜಿ ಮುಗಿದು ಇನ್ನೊಂದು ಹಂಜಿ ಹಿಡಿದಳು. 

ಮೂಡಲಗಿರಿಯಪ್ಪ ರಾಟೆಗೆ ಒಂದು ಸುತ್ತು ಬಂದ. ಆಮೇಲೆ, “ನಾಗಕ್ಕ, ನೀನು ಕುಂತ್ಕ,” ಅಂದ.

ನಾಗಕ್ಕ ಅಲ್ಲಿದ್ದವರಲ್ಲೆಲ್ಲ ಉದ್ದ. ಕೂತರೆ ಮಂಡಿ ಗದ್ದಕ್ಕೆ ಬಂತು. “ನಾನು ಕೋಳಿ ಕಾವಿಗೆ ಕುಂತಂಗೆ ಆತು,” ಅಂದಳು.

“ನೋಡ್ದಾ?” ಅಂದ ಮೂಡಲಗಿರಿಯಪ್ಪ. “ಪಾಲಣ್ಣ ಅವನ ಗೇಣು ಹಾಕ್ದ. ನೀನು ನಿನ್ನ ಕಾಲು ಹಾಕ್ದೆ. ಇವಳ ಕಾಲು ಯಾರು ಹಾಕ್ಬೇಕು?”

ಆ ಮಾತು ಏಕನಾಥಮ್ಮನಿಗೆ ಚುಚ್ಚಿತು. ತಾನು ಕೂರುವುದನ್ನು ಮಾತ್ರ ನೋಡಿಕೊಂಡಿದ್ದಳು, ನಿಜ.

“ಅವಳಿಗೆ ಅವಳ ಕಾಲು ಇಳಿಬಿಡಿಸಿ ಬೇರೆ ತೋಡಾಣ ಸ್ವಾಮಿ,” ಅಂದಳು.

“ನನ್ನ ಶೆಡ್ಡು ಹೆಗ್ಗಣದ ಬಿಲ ಆಗ್ತೈತೆ.” ಅವನು ತಲೆ ಕೆರೆದುಕೊಂಡ. “ಕಾಳಕ್ಕ, ನಿಂಗೂ ಬೇಕಾ?”

“ನಂಗೆ ಬ್ಯಾಡಪ್ಪ. ಇಳಿದ್ರೆ ನಾಕು ಜನ ಎತ್ತಬೇಕು. ನಂಗೆ ಸ್ಟೂಲೇ ಇರ್ಲಿ, ಬೆನ್ನಿಗೆ ಒಂದು ಹಲಗೆ ಹೊಡಿಸ್ಕೊಡು.”

ಹೀಗೆ ಬೇಕೆಂದವರಿಗೆ ಕಾಲು ಕುಯ್ದ ರಾಟೆಯೂ ಗುಂಡಿಯೂ, ಬೇಡವೆಂದವರಿಗೆ ಸ್ಟೂಲು ಆಯಿತು. ಗುಂಡಿಗೆ ಗಟ್ಟಿ ನೆಲ ಬೇಕು, ಅದು ಇದ್ದ ಕಡೆಗೇ ರಾಟೆಗಳು ಸರಿದವು. ಸಾಲು ಮುರಿದು ಹೆಂಗಸರು ಒಬ್ಬರ ಮುಖ ಒಬ್ಬರು ನೋಡುವ ಹಾಗೆ ಕೂತರು. ಮೂಡಲಗಿರಿಯಪ್ಪನ ಮೇಜಿನಿಂದ ಕಾಣುವುದು ಇತ್ತ ಕೂತವರ ಬೆನ್ನು ಮಾತ್ರ. ಅವನಿಗೆ ಯಾರು ಏನು ಮಾಡುತ್ತಿದ್ದಾರೆಂದು ತಿಳಿಯಬೇಕಾದರೆ ಎದ್ದು ಬಂದು ನಡುವೆ ನಿಲ್ಲಬೇಕಿತ್ತು. ಮೊದಮೊದಲು ಗೊಣಗಿದ, ಆಮೇಲೆ ಅಲ್ಲೇ ನಿಂತು ಚಾ ಕುಡಿಯತೊಡಗಿದ. ತಕಲಿಗಳು ಸೆರಗಿನೊಳಗೆ ಬರುವುದು ನಿಂತಿತು.

ಅದೆಲ್ಲ ಆಮೇಲಿನ ಮಾತು. ಆ ಮೊದಲ ದಿನ, ನಾಗಕ್ಕ ಗುಂಡಿಯಿಂದ ಎದ್ದ ಮೇಲೆ, ಏಕನಾಥಮ್ಮ ಹೋಗಬೇಕೋ ಇರಬೇಕೋ ತಿಳಿಯದೆ ಹಂಜಿ ಹಿಸುಕುತ್ತಾ ನಿಂತಿದ್ದಳು.

“ಯಾಕೆ ನಿಂತೆ?” ಅಂದ ಮೂಡಲಗಿರಿಯಪ್ಪ. “ತಿರುಗ್ತು ತಾನೆ? ಕುಂತ್ಕ. ದುರ್ಗದ ಆಫೀಸಿನೋರು ಬಂದು ಕೇಳಿದ್ರೆ ನೀನೇ ಮಾತಾಡ್ಬೇಕು, ನನ್ನ ಕೈಲಾಗಲ್ಲ. ಇನ್ಮ್ಯಾಲೆ ಕೇಳ್ದೆ ಗರಗಸ ಮುಟ್ಟಂಗಿಲ್ಲ.”

“ಕೇಳ್ತೀನಿ.”

“ಯಾರನ್ನ?”

“ಕುಂತ್ಕಳೋರನ್ನ,” ಅಂದು, ತಕ್ಷಣ ಸೇರಿಸಿದಳು, “ನಿಮ್ಮನ್ನೂವೆ.”

“ಇನ್ನೊಂದು ಐತೆ,” ಅಂತ ಕಾಳಕ್ಕ ಪೊರಕೆ ತಂದು ಅವಳ ಕಾಲ ಬಳಿ ಹಾಕಿದಳು. “ನೆಲ ನಾನು ಗುಡಿಸ್ತೀನಿ. ಗುಂಡಿಗೆ ನನ್ನ ಸೊಂಟ ಬಗ್ಗಲ್ಲ. ತೋಡ್ದೋಳು ನೀನು.”

ಅಂದಿನಿಂದ ಅದು ಏಕನಾಥಮ್ಮನ ಪಾಲಿಗೆ ಬಂತು. ಗುಂಡಿಯಲ್ಲಿ ಉಣ್ಣೆಯ ಹೊಟ್ಟು ಕೂರುತ್ತದೆ. ಬೆಚ್ಚಗಿನ ಹೊಟ್ಟಿಗೆ ಚೇಳು ಬರುತ್ತವೆ. ಎಲ್ಲರಿಗಿಂತ ಮುಂಚೆ ಬಂದು, ಮೊದಲು ಕಡ್ಡಿಯಿಂದ ಮೂಲೆ ಮೂಲೆ ಕೆದಕಿ ನೋಡುವಳು. ಆಮೇಲೆ ಮೊಣಕಾಲೂರಿ ಕೈ ಒಳಗೆ ಬಿಟ್ಟು ಗುಡಿಸುವಳು. ನಾಗಕ್ಕನ ಗುಂಡಿ ಆಳ, ತಲೆಯೂ ಒಳಗೆ ಹೋಗಬೇಕು. ಗುಡಿಸುತ್ತಾ ಒಂದು ಬೆಳಗ್ಗೆ ಅವಳ ಕಣ್ಣು ಬಾಗಿಲ ಪಕ್ಕದ ನೀರಿನ ಹರವಿಯ ಮೇಲೆ ಹೋಯಿತು. ಅದನ್ನು ಇತ್ತ ತಂದಿಟ್ಟರೆ ಎಲ್ಲರಿಗೂ ಎದ್ದು ಹೋಗುವುದು ತಪ್ಪುತ್ತದೆ ಅನ್ನಿಸಿತು. ಕೈ ತುರಿಸಿತು. ಕೇಳೋಣ ಅಂದುಕೊಂಡು, ಹೊಟ್ಟನ್ನು ಮೊರಕ್ಕೆ ಬಾಚಿ ಹಿತ್ತಿಲ ತಿಪ್ಪೆಗೆ ಚೆಲ್ಲಿ ಬಂದು, ಮುಂದಿನ ಗುಂಡಿಗೆ ಬಗ್ಗಿದಳು.