ಗೆರೆ ಮಾತ್ರ ತೋರಿಸಬೇಕಿದ್ದ ಬೋರ್ಡು

ಸತ್ತವರು ಕಾಣಿಸಿಕೊಳ್ಳುತ್ತಾರೆ ಎಂಬ ಮಾತನ್ನು ನಾನು ನಂಬಿದವನೇ ಅಲ್ಲ. ಯಾರಾದರೂ ಅಂಥ ಕಥೆ ತೆಗೆದರೆ, "ಅದರಿಂದ ನಿಮಗೇನ್ರೀ ಲಾಭ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ಬರೆಯುತ್ತಿರುವುದನ್ನು ನೀವು ನಂಬಬೇಕೆಂಬ ಹಟ ನನಗಿಲ್ಲ. ನಂಬಬೇಕಾದವಳೇ ನಂಬಲಿಲ್ಲ.

ಶಿಕಾರಿಪುರದಲ್ಲಿ ನನ್ನದು ಹಳೆ ಟಿವಿಗಳ ವ್ಯಾಪಾರ. ರಿಪೇರಿಯಿಂದ ಶುರು ಮಾಡಿದ್ದು, ಯಾರೂ ಕೈಹಿಡಿದು ಕಲಿಸಲಿಲ್ಲ. ಗೋಡೆಗೆ ನೇತುಹಾಕುವ ಟಿವಿ ಬಂದ ಮೇಲೆ ಜನ ದೊಡ್ಡ ಹೊಟ್ಟೆಯ ಟಿವಿಗಳನ್ನು ಗುಜರಿಗೆ ಹಾಕತೊಡಗಿದರು. ಆದರೆ ಹಳೆ ವಿಡಿಯೋ ಗೇಮಿನ ಹುಚ್ಚಿರುವವರಿಗೆ ಅವೇ ಬೇಕು. ಊರೂರು ಸುತ್ತಿ ಕೊಂಡು, ಸರಿಮಾಡಿ ಅವರಿಗೆ ಕಳಿಸುತ್ತೇನೆ. ನಿಮಗೊಂದು ಮಾತು ಹೇಳುತ್ತೇನೆ ಕೇಳಿ: ಹಳೆ ಟಿವಿ ಕೊಳ್ಳುವಾಗ ಹಾಡು, ಸಿನಿಮಾ ಹಾಕಿ ನೋಡಬೇಡಿ. ಓಡುವ ಚಿತ್ರದಲ್ಲಿ ಪಿಕ್ಚರ್ ಟ್ಯೂಬಿನ ದೋಷ ಅಡಗಿಬಿಡುತ್ತದೆ. ನೆಟ್ಟಗಿನ ಗೆರೆ ಹಾಕಿ ನೋಡಿ. ಎಲ್ಲಿ ಸೊಟ್ಟಗಾಯಿತೋ ಅಲ್ಲಿ ಬೆಲೆ ಇಳಿಸಿ.

ಆ ಗೆರೆಗಳಿಗೆಂದೇ ನನ್ನ ಹತ್ತಿರ ಅಂಗೈಯಗಲದ ಎಲೆಕ್ಟ್ರಾನಿಕ್ ಬೋರ್ಡೊಂದಿತ್ತು. ಅದರ ಚಿಪ್ಪಿಗೆ ಇಂಥದೇ ಕೆಲಸ ಎಂದಿಲ್ಲ. ಕಂಪ್ಯೂಟರಿನಲ್ಲಿ ಬರೆದು ಯಾವ ಸರ್ಕ್ಯೂಟನ್ನು ತುಂಬಿಸುತ್ತೇವೋ ಅದೇ ಆಗಿಬಿಡುತ್ತದೆ. ಅದರ ತಂತಿಗಾಲುಗಳಿಂದ ಹೊರಡುವುದು ಕರೆಂಟು ಉಂಟು, ಇಲ್ಲ ಎಂಬ ಎರಡೇ ಸುದ್ದಿ. ಮೂರ್ನಾಲ್ಕು ರೆಸಿಸ್ಟರ್ ಬೆಸುಗೆ ಹಾಕಿದರೆ ಅದೇ ಕಪ್ಪು, ಬೂದು, ಬಿಳುಪಿನ ವಿಡಿಯೋ ಸಿಗ್ನಲ್ ಆಗಿ ಟಿವಿಯ ಹಳದಿ ಸಾಕೆಟ್ಟಿಗೆ ಹೋಗುತ್ತದೆ. ಶಿವಮೊಗ್ಗದ ಒಬ್ಬರಿಂದ ನಾನು ಬರೆಸಿ ತುಂಬಿಸಿದ್ದು ಬಲೆಯಂಥ ಗೆರೆಗಳನ್ನು. ಬೇರೇನೂ ಅದರಲ್ಲಿರಲಿಲ್ಲ.

ಅಕ್ಕನನ್ನು ಸೊರಬದ ಹತ್ತಿರ ಕುಪ್ಪಗಡ್ಡೆಗೆ ಕೊಟ್ಟಿದೆ. ಭಾವ ತೀರಿಕೊಂಡು ವರ್ಷಾಬ್ದಿಕವೂ ಕಳೆದ ಮೇಲೆ ಒಂದು ದಿನ ಫೋನ್ ಮಾಡಿ, "ಅವರ ಟಿವಿ ಸುಮ್ಮನೆ ಧೂಳು ತಿಂತಾ ಇದೆ, ತಗೊಂಡು ಹೋಗೋ" ಎಂದಳು. ಹೋದೆ. ಮಧ್ಯಾಹ್ನದ ಊಟ ಮುಗಿಸಿ, ಟಿವಿಯ ಮೇಲಿನ ಬಟ್ಟೆ ತೆಗೆದು ಬೋರ್ಡು ಸಿಕ್ಕಿಸಿದೆ.

"ಅಕ್ಕನ ಮನೇಲೂ ಪರೀಕ್ಷೆನಾ? ಯಮ ಬಂದ್ರೂ ಚೌಕಾಸಿ ಮಾಡ್ತೀಯ ನೀನು" ಎಂದು ಅಕ್ಕ ನಕ್ಕಳು.

"ಅಭ್ಯಾಸ ಕಣಕ್ಕ" ಎಂದೆ.

ಗೆರೆಗಳು ಬಂದವು. ಬಲಗಡೆ ಕೆಳಗೆ ಒಂದು ಬೂದು ಕಲೆ. ಒಂದೇ ಚಾನೆಲ್ಲನ್ನು ವರ್ಷಗಟ್ಟಲೆ ಹಾಕಿದರೆ ಅದರ ಗುರುತು ಟ್ಯೂಬಿನಲ್ಲಿ ಸುಟ್ಟು ಉಳಿಯುವುದುಂಟು, ಅದೇ ಇರಬೇಕು ಎಂದುಕೊಂಡೆ. ನೋಡನೋಡುತ್ತ ಕಲೆಯ ಅಂಚು ತಿದ್ದಿಕೊಂಡಿತು. ಕೂತಿರುವ ಒಬ್ಬ ಗಂಡಸು. ಗೆರೆಗಳು ಅವನ ಬೆನ್ನ ಹಿಂದೆ ಹಾದುಹೋಗುತ್ತಿದ್ದವು. ಭಾವನಿಗೆ ಕಿವಿ ಮಂದ. ಟಿವಿ ಹಾಕಿದಾಗ ಎಡಗಿವಿಯನ್ನು ಮುಂದೆ ಮಾಡಿ, ಅದರ ಹಿಂದೆ ಅಂಗೈ ಬಾಗಿಸಿ ಹಿಡಿದು ಕೂರುತ್ತಿದ್ದರು. ಆ ಆಕೃತಿ ಕೈ ಎತ್ತಿ ಕಿವಿಯ ಹಿಂದೆ ಹಿಡಿಯಿತು, ನಮ್ಮ ಮಾತು ಕೇಳಿಸಿಕೊಳ್ಳುವ ಹಾಗೆ.

"ಏನ್ರೀ?" ಎಂದಳು ಅಕ್ಕ. ನನಗಲ್ಲ.

ನನ್ನ ಕೈ ತಾನಾಗಿ ವೈರು ಕಿತ್ತಿತು. ಮತ್ತೆ ಸಿಕ್ಕಿಸಿದಾಗ ಬರೀ ಗೆರೆ. "ಇನ್ನೊಂದ್ಸಲ ಹಾಕೋ, ಇನ್ನೊಂದೇ ಸಲ" ಎಂದು ಅಕ್ಕ ಸಂಜೆತನಕ ಹಾಕಿಸಿದಳು. ಅವರು ಬರಲಿಲ್ಲ. ಟಿವಿಯನ್ನೂ ಬೋರ್ಡನ್ನೂ ಅಲ್ಲೇ ಬಿಟ್ಟು ಬಂದೆ.

ಅಕ್ಕನ ಮೈದುನ ನಾಗರಾಜ ಡಿಪ್ಲೊಮಾ ಕಾಲೇಜಿನಲ್ಲಿ ಮೇಷ್ಟ್ರು. ಅವಳು ದಿನವಿಡೀ ಆ ಗೆರೆಗಳ ಮುಂದೆ ಕೂರುವುದನ್ನು ಕಂಡು ನನ್ನನ್ನು ಕರೆಸಿದ. ಈ ಬೋರ್ಡಿನಲ್ಲಿ ಮನುಷ್ಯನ ಚಿತ್ರ ಬರಲು ಸಾಧ್ಯವೇ ಇಲ್ಲ ಎಂದೆ. "ಹೌದಾ? ನೋಡೋಣ ಬನ್ನಿ" ಎಂದವನೇ ಕಾಲೇಜಿನಿಂದ ತಂದಿದ್ದ ಅಂಥದೇ ಬೋರ್ಡನ್ನು ಅದೇ ಟಿವಿಗೆ ಹಚ್ಚಿದ. ಭಾವನ ಫೋಟೋ, ದಪ್ಪ ದಪ್ಪ ಬೂದು ಚೌಕಗಳಲ್ಲಿ, ಮೂಡಿ ಬಂತು. ಗುಂಡಿ ಒತ್ತಿದಂತೆಲ್ಲ ಎಡಕ್ಕೂ ಬಲಕ್ಕೂ ಸರಿಯಿತು. "ವಿದ್ಯೆ ಇಷ್ಟೇ, ಅತ್ತಿಗೆ. ಯಾಕೆ ಮಾಡಿದ್ರು ಅಂತ ನಿಮ್ಮ ತಮ್ಮನ್ನೇ ಕೇಳಿ."

"ನನ್ನ ಬೋರ್ಡು ತಗೊಳ್ರೀ, ಒಳಗೇನಿದೆ ಬಿಚ್ಚಿ ನೋಡ್ರೀ" ಎಂದೆ.

"ಈಗ ಗೆರೆನೇ ಇರುತ್ತೆ ಬಿಡಿ. ಉಳಿದದ್ದು ಅಳಿಸಿರ್ತೀರಲ್ವಾ?"

ನಾನು ಅಕ್ಕನ ಕಡೆ ತಿರುಗಿ, "ಕಿವಿ ಹಿಂದೆ ಕೈ ಹಿಡಿದಿದ್ದು? ಅದೆಲ್ಲಿಂದ ಬಂತು ಹೇಳು" ಎಂದೆ.

"ಅದು ನಿನಗೂ ಗೊತ್ತಿತ್ತಲ್ಲೋ" ಎಂದಳು.

ಹೊರಡುವಾಗ ಅಂಗಳದವರೆಗೂ ಬಂದಳು. "ನೀನೇ ಮಾಡಿದ್ರೂ ಪರವಾಗಿಲ್ಲ ಕಣೋ. ಅಕ್ಕನ ಸಮಾಧಾನಕ್ಕೆ ಮಾಡ್ದೆ ಅನ್ಕೋತೀನಿ. ಹೂಂ ಅಂದುಬಿಡು."

ಇಷ್ಟು ವರ್ಷ ವ್ಯಾಪಾರ ಮಾಡಿದ್ದೇನೆ, ಅಷ್ಟು ಅಗ್ಗದಲ್ಲಿ ಯಾರೂ ನನಗೆ ಏನನ್ನೂ ಕೊಟ್ಟಿಲ್ಲ. ಒಂದು ಹೂಂ. ಆದರೆ ಹೂಂ ಅಂದರೆ ಅವತ್ತು ಅಲ್ಲಿ ಯಾರೂ ಬಂದಿರಲಿಲ್ಲ ಎಂದಾಗುತ್ತಿತ್ತು. ನನ್ನ ಬಾಯಿಂದ ಬಂದದ್ದು "ಇಲ್ಲಕ್ಕ."

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಮೇಲೆ ನನ್ನ ಫೋನ್ ಎತ್ತಿಲ್ಲ. ನಾನು ಕಂಡದ್ದು ಏನೆಂದು ನನಗೂ ಗೊತ್ತಿಲ್ಲ. ನಾನು ಮಾಡಿದ್ದಲ್ಲ ಎಂಬುದಷ್ಟೇ ಗೊತ್ತು, ಅದನ್ನು ತೋರಿಸಲು ನನ್ನ ಬಳಿ ಏನೂ ಇಲ್ಲ.